ಹೊಲಸು ಎಂದವರು ಯಾರು?
ದನದ ಬಾಡು, ಆರೋಗ್ಯ ಮತ್ತು ಜಾತಿಯ ಚರಿತ್ರೆ

1

ದನದ ಬಾಡು ತಿಂದರೆ ಏನಾಗುತ್ತದೆ? ಈ ಪ್ರಶ್ನೆಗೆ ಈ ದೇಶ ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಕೊಟ್ಟಿದೆ. ಜಾತಿ ಕೆಡುತ್ತದೆ ಅಂದರು. ಪಾಪ ಸುತ್ತಿಕೊಳ್ಳುತ್ತದೆ ಅಂದರು. ಬುದ್ಧಿ ಮಂಕಾಗುತ್ತದೆ, ತಾಮಸ ಗುಣ ಏರುತ್ತದೆ ಅಂದರು. ಈಗೀಗ ಕೊಲೆಸ್ಟ್ರಾಲ್ ಏರುತ್ತದೆ, ಕ್ಯಾನ್ಸರ್ ಬರುತ್ತದೆ ಅನ್ನುತ್ತಾರೆ. ಮಾತಿನ ಅಂಗಿ ಬದಲಾಗಿದೆ. ಮಾತಾಡುವ ಬಾಯಿಯೂ ಬದಲಾಗಿದೆಯೆ ಎಂಬುದನ್ನು ನೋಡಬೇಕಾಗಿದೆ.

ದಲಿತ ವಿಮರ್ಶೆ ಎಂದ ಕೂಡಲೆ ಕತೆ, ಕಾವ್ಯ, ಆತ್ಮಕಥೆ ಎಂದು ಹೊರಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ನಮ್ಮ ಜನರ ಮೇಲೆ ಬರೆದ ಮೊದಲ ವಿಮರ್ಶೆ ಅವರ ತಟ್ಟೆಯ ಮೇಲೆ ಬರೆದದ್ದು. ಕನ್ನಡದ ಒಂದು ಪದವನ್ನೇ ತಗೊಳ್ಳಿ. ‘ಹೊಲಸು’ ಅಂದರೆ ಕೊಳಕು. ಹಳೆಯ ಬಳಕೆಯಲ್ಲಿ ಅದೇ ಪದಕ್ಕೆ ಮಾಂಸ ಎಂಬ ಅರ್ಥವೂ ಇದೆ. ಹೊಲಸು ತಿನ್ನುವವನು ಹೊಲೆಯ ಎಂಬ ಸಮೀಕರಣ ನಮ್ಮ ನುಡಿಯೊಳಗೇ ಕೂತಿದೆ. ಹುಟ್ಟಿನಿಂದ ಜಾತಿ ಬರುವುದಿಲ್ಲ ಎಂದು ಸಾರಿದ ಹನ್ನೆರಡನೇ ಶತಮಾನದ ವಚನಕಾರರು ಕೂಡ, ಕೀಳು ಎಂಬುದನ್ನು ಹುಟ್ಟಿನಿಂದ ಬಿಡಿಸಿ ನಡತೆಗೆ ಕಟ್ಟುವಾಗ, ಮಾಂಸ ತಿನ್ನುವುದನ್ನು ಕೀಳು ನಡತೆಯ ಕಡೆಗೇ ಇಟ್ಟರು. ಮಾದಾರ ಚೆನ್ನಯ್ಯನನ್ನು ಅಪ್ಪ ಎಂದು ಕರೆದ ಚಳವಳಿ ಅದು, ಅದರ ದೊಡ್ಡಸ್ತಿಕೆಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಚೆನ್ನಯ್ಯನ ಮನೆಯ ಮಡಕೆ ಆ ಚಳವಳಿಯ ಒಳಗೆ ಬರಲಿಲ್ಲ. ಈ ಮಾತನ್ನು ನಾವೇ ಆಡದೆ ಇನ್ಯಾರು ಆಡಬೇಕು?

2

ಮೊದಲು ನೆಲದ ಸಾಕ್ಷಿ. ಬಳ್ಳಾರಿ, ರಾಯಚೂರು, ಸುರಪುರದ ಕಡೆ ಬೂದಿದಿಬ್ಬಗಳಿವೆ. ಅವು ರಾಕ್ಷಸರನ್ನು ಸುಟ್ಟ ಬೂದಿ ಅಂತ ಊರ ಜನ ಕತೆ ಹೇಳುತ್ತ ಬಂದರು. ಅಗೆದು ನೋಡಿದವರಿಗೆ ಸಿಕ್ಕಿದ್ದು ಸುಟ್ಟ ಸಗಣಿ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದಲ್ಲಿ ದನ ಸಾಕಿದ ನವಶಿಲಾಯುಗದ ಜನರ ದೊಡ್ಡಿಗಳ ಗುರುತು ಅದು. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆತ ನಡೆಸಿದಾಗ ದೊಡ್ಡಿಯ ಜೊತೆಗೆ ದನ ಕಡಿದು ಪಾಲು ಮಾಡುತ್ತಿದ್ದ ಜಾಗವೂ ಸಿಕ್ಕಿತು: ರಾಶಿ ಮೂಳೆ, ಅದರ ನಡುವೆ ಕಲ್ಲಿನ ಆಯುಧ. ಸಾಕಿದವರೇ ತಿಂದರು. ಸಾಕಿದ್ದರಿಂದಲೇ ಹಾಲೂ ಇತ್ತು, ಬಾಡೂ ಇತ್ತು. ಕನ್ನಡ ನೆಲದ ಮೊದಲ ಅಡುಗೆಗಳಲ್ಲಿ ದನದ ಬಾಡೂ ಒಂದು ಎಂದರೆ ಅತಿಶಯದ ಮಾತಲ್ಲ.

ಗ್ರಂಥಗಳ ಸಾಕ್ಷಿಯೂ ಇದಕ್ಕೆ ದೂರವಿಲ್ಲ. ಪಾಣಿನಿಯ ವ್ಯಾಕರಣದಲ್ಲಿ ಅತಿಥಿಗೆ ‘ಗೋಘ್ನ’ ಎಂಬ ಹೆಸರಿದೆ, ಅಂದರೆ ಯಾರಿಗಾಗಿ ದನ ಕಡಿಯುತ್ತಾರೋ ಅವನು. ಶತಪಥ ಬ್ರಾಹ್ಮಣದಲ್ಲಿ ಹಸು ಎತ್ತುಗಳ ಮಾಂಸ ತಿನ್ನಬಾರದು ಎಂಬ ಮಾತು ಬಂದ ಬೆನ್ನಿಗೇ, ಎಳೆಯದಾಗಿದ್ದರೆ ನಾನು ತಿನ್ನುತ್ತೇನೆ ಎಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಅಶೋಕ ತನ್ನ ಐದನೇ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಉದ್ದನೆಯ ಪಟ್ಟಿ ಕೊಡುತ್ತಾನೆ; ಗಿಣಿಯಿದೆ, ಬಾವಲಿಯಿದೆ, ಆಮೆಯಿದೆ. ಹಸುವಿನ ಹೆಸರು ಎದ್ದು ಕಾಣುವಂತೆ ಅಲ್ಲಿಲ್ಲ. ಇತಿಹಾಸಕಾರ ಡಿ. ಎನ್. ಝಾ ಇವನ್ನೆಲ್ಲ ಒಟ್ಟು ಮಾಡಿ 2001ರಲ್ಲಿ ಪುಸ್ತಕ ತಂದಾಗ ಅವರಿಗೆ ಸಿಕ್ಕಿದ್ದು ಉತ್ತರವಲ್ಲ, ಕೊಲೆ ಬೆದರಿಕೆ.

3

ಈಗ ಆರೋಗ್ಯದ ಮಾತಿಗೆ ಬರೋಣ. ಬೀಫು ಒಳ್ಳೆಯದೋ ಕೆಟ್ಟದೋ ಎಂದು ಈ ದೇಶದ ವೈದ್ಯರು ಕೇಳಿಕೊಂಡಿದ್ದು ಇವತ್ತಲ್ಲ. ಚರಕ ಸಂಹಿತೆಯ ಸೂತ್ರಸ್ಥಾನ ದನದ ಮಾಂಸವನ್ನು ಔಷಧಿಯ ಹಾಗೆ ಹೇಳುತ್ತದೆ: ವಾತದ ಬೇನೆ, ನೆಗಡಿ, ಬಿಟ್ಟು ಬಿಟ್ಟು ಬರುವ ಜ್ವರ, ಒಣಕೆಮ್ಮು, ದಣಿವು, ಅತಿಯಾದ ಹಸಿವು, ಮೈಯ ಮಾಂಸ ಕರಗಿ ಸೊರಗಿದವರು, ಇವರಿಗೆಲ್ಲ ಅದು ಹಿತ. ಅದೇ ಸಂಹಿತೆಯ ಇನ್ನೊಂದು ಕಡೆ ಪ್ರಾಣಿ ಮಾಂಸಗಳಲ್ಲೆಲ್ಲ ದನದ್ದು ಅತ್ಯಂತ ಅಹಿತ ಎಂಬ ಮಾತೂ ಇದೆ. ಭೇದಿ ರೋಗ ಹುಟ್ಟಿದ್ದೇ ಯಜ್ಞದಲ್ಲಿ ಕಡಿದ ಹಸುವಿನ ಮಾಂಸ ತಿಂದದ್ದರಿಂದ ಎಂಬ ಕತೆಯೂ ಅದರಲ್ಲೇ ಬರುತ್ತದೆ.

ನಮಗೆ ಬೇಕಾದ್ದನ್ನು ಮಾತ್ರ ಎತ್ತಿಕೊಂಡು ಚರಕನೂ ನಮ್ಮ ಕಡೆ ಎಂದು ಕುಣಿಯುವುದು ಬೇಡ. ಎರಡೂ ಮಾತು ಅಲ್ಲಿವೆ. ಗಮನಿಸಬೇಕಾದ್ದು ಇಷ್ಟೆ: ಆ ವೈದ್ಯನಿಗೆ ಅದು ತೂಗಿ ನೋಡುವ ವಸ್ತುವಾಗಿತ್ತು. ಯಾರಿಗೆ, ಯಾವಾಗ, ಎಷ್ಟು ಎಂದು ಕೇಳಬಹುದಾಗಿತ್ತು. ಜೀರ್ಣಕ್ಕೆ ಜಡ ಎಂದು ಹೇಳಬಹುದಾಗಿತ್ತು, ಸೊರಗಿದವನಿಗೆ ಕೊಡು ಎಂದೂ ಹೇಳಬಹುದಾಗಿತ್ತು. ಧರ್ಮಶಾಸ್ತ್ರ ಬಂದು ಕೂತ ಮೇಲೆ ಕೇಳುವುದೇ ನಿಂತುಹೋಯಿತು.

ಸಾತ್ವಿಕ, ರಾಜಸ, ತಾಮಸ ಎಂಬ ಊಟದ ಮೂರು ದರ್ಜೆಯನ್ನು ಗೀತೆಯ 17ನೇ ಅಧ್ಯಾಯ ಹೇಳುತ್ತದೆ. ಅಲ್ಲಿ ತಾಮಸ ಊಟ ಯಾವುದು? ಹಳಸಿದ್ದು, ರಸ ಬತ್ತಿದ್ದು, ನಾರುವುದು, ರಾತ್ರಿ ಉಳಿದದ್ದು, ಎಂಜಲು. ಈಗ ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆಯಿರಿ. ಶೂದ್ರನಿಗೆ ಏನು ಕೊಡಬೇಕು? ಉಂಡು ಮಿಕ್ಕ ಎಂಜಲು, ಹಳೆ ಬಟ್ಟೆ. ಚಂಡಾಲ ಯಾವುದರಲ್ಲಿ ಉಣ್ಣಬೇಕು? ಒಡೆದ ಪಾತ್ರೆಯಲ್ಲಿ. ಒಂದು ಕೈ ಎಂಜಲನ್ನು ತಂದು ಬಡಿಸುತ್ತದೆ, ಇನ್ನೊಂದು ಕೈ ಎಂಜಲು ತಿಂದವನು ತಾಮಸಿ ಎಂದು ಬರೆದಿಡುತ್ತದೆ. ನಮ್ಮವರ ಗುಣ ಕೆಟ್ಟದ್ದಾಗಿದ್ದರಿಂದ ಕೆಟ್ಟ ಊಟ ತಿಂದರೋ, ಕೆಟ್ಟ ಊಟ ಕೊಟ್ಟವರೇ ಗುಣವನ್ನೂ ಹಚ್ಚಿದರೋ?

4

ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಗಂಟಿಗೇ ಕೈ ಹಾಕಿದರು. ಸೋತು ಚದುರಿದ ಜನ ಹಳ್ಳಿಗಳ ಅಂಚಿನಲ್ಲಿ ನೆಲೆ ನಿಂತರು, ಅವರು ಬೌದ್ಧರಾಗಿದ್ದರು, ಬ್ರಾಹ್ಮಣರು ಬೌದ್ಧರನ್ನು ಮೀರಿಸಲು ಯಜ್ಞದ ಮಾಂಸ ಬಿಟ್ಟು ಸಸ್ಯಾಹಾರಿಗಳಾದಾಗ, ದನದ ಮಾಂಸ ಬಿಡಲಾರದೆ ಹೋದ ಈ ಜನ ಮುಟ್ಟಬಾರದವರಾದರು. ಇದು ಅವರ ವಾದ. ಅಸ್ಪೃಶ್ಯತೆ ಹುಟ್ಟಿದ್ದು ಸುಮಾರು ಕ್ರಿ.ಶ. 400ರ ಹೊತ್ತಿಗೆ ಎಂದು ಅವರು ಲೆಕ್ಕ ಹಾಕಿದರು. ಇದು ಊಹೆಯ ಮೇಲೆ ಕಟ್ಟಿದ ಸಿದ್ಧಾಂತ ಎಂಬುದನ್ನು ಮುನ್ನುಡಿಯಲ್ಲಿ ಅವರೇ ಮುಚ್ಚಿಡಲಿಲ್ಲ. ಎಲ್ಲ ಇತಿಹಾಸಕಾರರೂ ಅದನ್ನು ಒಪ್ಪಿಲ್ಲ. ಆದರೆ ಅವರು ತೋರಿಸಿದ ಒಂದು ಸೂಕ್ಷ್ಮವನ್ನು ತಳ್ಳಿಹಾಕುವುದು ಕಷ್ಟ: ಮಾಂಸ ತಿನ್ನುವವರೆಲ್ಲ ಅಸ್ಪೃಶ್ಯರಾಗಲಿಲ್ಲ. ಗೆರೆ ಬಿದ್ದದ್ದು ದನದ ಮಾಂಸದ ಹತ್ತಿರ, ಅದರಲ್ಲೂ ಸತ್ತ ದನದ ಹತ್ತಿರ.

ಬ್ರಿಟಿಷರೂ ಇದೇ ಗೆರೆಯನ್ನು ಕಾಗದಕ್ಕಿಳಿಸಿದರು. 1911ರ ಜನಗಣತಿ ಹಿಂದೂಗಳಲ್ಲಿ ಪೂರಾ ಹಿಂದೂಗಳಲ್ಲದವರನ್ನು ಬೇರ್ಪಡಿಸಲು ಹತ್ತು ಗುರುತು ಹಾಕಿಕೊಂಡಿತು. ಬ್ರಾಹ್ಮಣರ ಮೇಲರಿಮೆ ಒಪ್ಪದವರು, ಗುಡಿಯ ಒಳಗೆ ಬಿಟ್ಟುಕೊಳ್ಳದವರು, ಮುಟ್ಟಿದರೆ ಮೈಲಿಗೆಯಾಗುವವರು ಎಂದು ಸಾಗುವ ಆ ಪಟ್ಟಿಯಲ್ಲಿ ದನದ ಮಾಂಸ ತಿನ್ನುವವರು, ಹಸುವಿಗೆ ಗೌರವ ತೋರದವರು ಎಂಬುದೂ ಸೇರಿತು. ತಟ್ಟೆಯಲ್ಲಿರುವುದನ್ನು ನೋಡಿ ಜನರನ್ನು ಎಣಿಸುವುದು ಹೀಗೆ ಸರ್ಕಾರದ ಕೆಲಸವೂ ಆಯಿತು.

ಕನ್ನಡದ ಪ್ರತಿ ಮಗುವೂ ಗೋವಿನ ಹಾಡು ಕಲಿಯುತ್ತದೆ. ಸತ್ಯಕ್ಕೆ ತಪ್ಪದ ಹಸು, ನಾಚಿ ಸತ್ತ ಹುಲಿ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ, ನಮ್ಮ ಕೇರಿಯ ಮಕ್ಕಳದ್ದೂ ಆಗಿದೆ. ಆದರೆ ಪುಣ್ಯಕೋಟಿ ಮುಪ್ಪಾಗಿ ಕೊಟ್ಟಿಗೆಯಲ್ಲಿ ಸತ್ತ ದಿನ ಯಾರಿಗೆ ಹೇಳಿಕಳಿಸಿದರು? ಹಾಡು ಅಲ್ಲಿಗೆ ಹೋಗುವುದಿಲ್ಲ. ನಮ್ಮ ಚರಿತ್ರೆ ಶುರುವಾಗುವುದೇ ಅಲ್ಲಿಂದ.

5

ಸತ್ತ ದನವನ್ನು ಊರಾಚೆ ಎಳೆಯುವುದು ಬಿಟ್ಟಿ ಚಾಕರಿ. ಅದರ ಕೂಲಿ ಆ ದನವೇ. ಚರ್ಮ, ಕೊಂಬು, ಬಾಡು. ಮಹಾರಾಷ್ಟ್ರದ ಮಹಾರರು ತಮಗೆ 52 ಹಕ್ಕುಗಳನ್ನು ಬೀದರಿನ ಸುಲ್ತಾನ ಬರೆದುಕೊಟ್ಟ ಎಂದು ಹೇಳಿಕೊಳ್ಳುತ್ತಿದ್ದರು; ಸತ್ತ ದನದ ಮೇಲಿನ ಹಕ್ಕೂ ಅವುಗಳಲ್ಲಿ ಸೇರಿತ್ತು. ಹಕ್ಕು ಎಂಬ ಮಾತು ಕೇಳಲು ಚೆಂದ. ಊರಿನವರು ತಮಗೆ ಬೇಡದ್ದನ್ನು ಹಕ್ಕು ಎಂದು ಕೊಟ್ಟರು, ಅದನ್ನು ತಿಂದದ್ದಕ್ಕೆ ದೂರ ಇಟ್ಟರು.

ಅಪಾಯದ ಪ್ರಶ್ನೆ ನಿಜವಾಗಿ ಇದ್ದದ್ದು ಇಲ್ಲಿ. ದನ ಸುಮ್ಮನೆ ಸಾಯುವುದಿಲ್ಲ. ಮುಪ್ಪಿನಿಂದ ಸತ್ತಿರಬಹುದು, ರೋಗದಿಂದಲೂ ಸತ್ತಿರಬಹುದು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ದನದಿಂದ ಮನುಷ್ಯನಿಗೆ ಬರುತ್ತದೆ. ಚರ್ಮ ಸುಲಿಯುವ ಕೈಯ ಗಾಯದಿಂದ ಬರುತ್ತದೆ, ಉಸಿರಿನಿಂದ ಬರುತ್ತದೆ, ಬಾಡಿನಿಂದಲೂ ಬರುತ್ತದೆ. ಅದರ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತವೆ. ಮನೆಯ ಒಲೆಯ ಬೇಯಿಸುವಿಕೆಗೆ ಅವು ಸಾಯುತ್ತವೆಂದು ನಂಬುವಂತಿಲ್ಲ. ಆದ್ದರಿಂದಲೇ ನೆರಡಿಯ ಸಂಶಯವಿರುವ ದನವನ್ನು ಕೊಯ್ಯಲೇಬಾರದು, ಆಳವಾಗಿ ಹೂಳಬೇಕು ಇಲ್ಲವೆ ಸುಡಬೇಕು ಎಂಬುದು ಪಶುವೈದ್ಯರ ನಿಯಮ. ಆ ನಿಯಮವನ್ನು ನಮ್ಮ ಕೇರಿಗೆ ಬಂದು ಹೇಳಿದವರು ಯಾರಿದ್ದರು? ನಮ್ಮ ಅಜ್ಜಿಯರೇ ಬಣ್ಣ ನೋಡಿ, ವಾಸನೆ ನೋಡಿ, ಹೊಟ್ಟೆ ಉಬ್ಬಿದ್ದು ನೋಡಿ ಇದು ಬೇಡ, ಇದು ಆಗಬಹುದು ಅಂತ ತೀರ್ಮಾನ ಮಾಡುತ್ತಿದ್ದರು. ಉಳಿದದ್ದನ್ನು ಉಪ್ಪು ಅರಿಸಿನ ಸವರಿ ಹಗ್ಗಕ್ಕೆ ಹಾಕಿ ಉಪ್ಪುಕಂಡ ಮಾಡುತ್ತಿದ್ದರು. ಅದೂ ಒಂದು ವಿದ್ಯೆ. ಸಾವನ್ನು ಮಗ್ಗುಲಲ್ಲಿಟ್ಟುಕೊಂಡು ಕಲಿತ ವಿದ್ಯೆ.

1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಸತ್ತ ದನ ಹೊರುವುದನ್ನೂ ತಿನ್ನುವುದನ್ನೂ ಬಿಡಿ ಎಂದು ಕರೆ ಕೊಟ್ಟರು. ಹಾಗೆ ಬಿಟ್ಟರೆ ಚರ್ಮ, ಕೊಂಬು, ಮೂಳೆಯ ಆದಾಯ ನಿಮಗೇ ನಷ್ಟ ಎಂದು ಮೇಲಿನವರು ಅನುಕಂಪ ತೋರಿಸಿದಾಗ, ಅಷ್ಟು ಲಾಭವಿದ್ದರೆ ನೀವೇ ಹೊತ್ತು ಆ ಲಾಭ ತಗೊಳ್ಳಿ ಎಂದು ಅವರು ತಿರುಗಿಸಿ ಕೊಟ್ಟರು. ಗಾಂಧೀಜಿಯವರೂ ಹರಿಜನ ಯಾತ್ರೆಯ ಕಾಲದಲ್ಲಿ ಸತ್ತದ್ದು ತಿನ್ನಬೇಡಿ, ದನದ ಮಾಂಸವನ್ನೇ ಬಿಡಿ ಎಂದರು. ಹೊರಗಿನಿಂದ ಎರಡೂ ಒಂದೇ ಮಾತಿನಂತೆ ಕಾಣುತ್ತದೆ. ಒಳಗೆ ಬೇರೆ. ಒಬ್ಬರಿಗೆ ಅದು ಗುಲಾಮಗಿರಿಯ ಕೂಲಿಯನ್ನು ಒಲ್ಲೆ ಎನ್ನುವುದು. ಇನ್ನೊಬ್ಬರಿಗೆ ಅದು ಒಳ್ಳೆಯ ಹಿಂದೂ ಆಗಲು ಮಾಡಬೇಕಾದ ಶುದ್ಧಿ.

ನಮ್ಮ ಕೇರಿಗಳಲ್ಲಿ ಈ ಎರಡೂ ಕಲಸಿಹೋದವು. ಸತ್ತದ್ದನ್ನು ಬಿಡಬೇಕಾಗಿತ್ತು, ಬಿಟ್ಟರು, ಅದು ಗೆಲುವು. ಅದರ ಜೊತೆಗೆ ಸಂತೆಯಲ್ಲಿ ದುಡ್ಡು ಕೊಟ್ಟು ತರುವ ಒಳ್ಳೆಯ ಬಾಡನ್ನೂ ಎಷ್ಟೋ ಮನೆಗಳು ನಾಚಿಕೆಗೆ ಬಿಟ್ಟವು. ಓದಿದ ಮಗ ಬಾಡಿಗೆ ಮನೆಯಲ್ಲಿ ಕದ ಕಿಟಕಿ ಮುಚ್ಚಿ ಬೇಯಿಸಿದ. ಗೆಳೆಯರು ಕೇಳಿದರೆ ‘ಮಟನ್ನು’ ಅಂದ. ಸತ್ತ ದನಕ್ಕೂ ಕಡಿದ ದನಕ್ಕೂ ಇರುವ ವ್ಯತ್ಯಾಸವನ್ನು, ಅಂದರೆ ಅಪಾಯಕ್ಕೂ ಆಹಾರಕ್ಕೂ ಇರುವ ವ್ಯತ್ಯಾಸವನ್ನು, ನಾವೇ ಮರೆಯುವಂತೆ ಮಾಡಿದ್ದು ಈ ಕೀಳರಿಮೆ.

6

ಬಿಟ್ಟದ್ದರಲ್ಲಿ ಏನಿತ್ತು? ಲೆಕ್ಕ ನೋಡೋಣ. ಕೊಬ್ಬು ಕಡಿಮೆ ಇರುವ 100 ಗ್ರಾಂ ಹಸಿ ದನದ ಮಾಂಸದಲ್ಲಿ ಸುಮಾರು 20ರಿಂದ 22 ಗ್ರಾಂ ಪ್ರೋಟೀನ್ ಇದೆ. ಎಮ್ಮೆಯದರಲ್ಲಿ ಕೊಬ್ಬು ಇನ್ನೂ ಕಡಿಮೆ. ತೊಗರಿಬೇಳೆಯಲ್ಲೂ ಅಷ್ಟೇ ಇದೆಯಲ್ಲ ಅನ್ನುವವರಿದ್ದಾರೆ. ಇದೆ. ಆದರೆ 100 ಗ್ರಾಂ ಬೇಳೆ ಬೇಯಿಸಿದರೆ ಒಂದು ಮನೆಯ ಸಾರು ಆಗುತ್ತದೆ, ಒಬ್ಬರ ಪಾಲಿಗೆ ಬರುವುದು ಅದರ ತಿಳಿ. ಜೊತೆಗೆ, ದೇಹಕ್ಕೆ ಬೇಕಾದ ಅಮೈನೋ ಆಮ್ಲಗಳೆಲ್ಲ ಸರಿಯಾದ ಅಳತೆಯಲ್ಲಿ ಇರುವುದು ಮಾಂಸ, ಮೊಟ್ಟೆ, ಹಾಲಿನಲ್ಲಿ.

ಇನ್ನು ಕಬ್ಬಿಣ. ಕಾಳು ಸೊಪ್ಪಿನಲ್ಲಿರುವ ಕಬ್ಬಿಣವನ್ನು ಕರುಳು ಕಷ್ಟಪಟ್ಟು ಸ್ವಲ್ಪವೇ ಹೀರುತ್ತದೆ. ಮಾಂಸದ ರಕ್ತವರ್ಣದಲ್ಲಿರುವ ಕಬ್ಬಿಣವನ್ನು ಸಲೀಸಾಗಿ ಹೀರುತ್ತದೆ. ರಾಗಿ ಒಳ್ಳೆಯ ಧಾನ್ಯ, ಸುಣ್ಣದ ಅಂಶ 100 ಗ್ರಾಂನಲ್ಲಿ ಸುಮಾರು 340 ಮಿಲಿಗ್ರಾಂ. ಆದರೆ ಅದರಲ್ಲಿರುವ ಫೈಟೇಟು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುದ್ದೆಯ ಪಕ್ಕ ನಾಲ್ಕು ತುಂಡು ಬಾಡು ಬಿದ್ದರೆ ಆ ಮುದ್ದೆಯ ಕಬ್ಬಿಣವೂ ಹೆಚ್ಚು ಒಳಗೆ ಹೋಗುತ್ತದೆ. ಬಿ 12 ಎಂಬ ಜೀವಸತ್ವ ಕಾಳು ಸೊಪ್ಪಿನಲ್ಲಿ ಸಿಗುವುದೇ ಇಲ್ಲ, ಪ್ರಾಣಿಯಿಂದಲೇ ಬರಬೇಕು. ಹಾಲು ಕೊಳ್ಳಲಾರದ ಮನೆಗೆ ಅದು ಎಲ್ಲಿಂದ ಬರಬೇಕು? ಲಿವರು, ಬೋಟಿ, ರಕ್ತದ ಲಾಕಿ ಎಂದು ನಾವು ಯಾವುದನ್ನೂ ಬಿಸಾಡದೆ ತಿಂದೆವಲ್ಲ, ಕಬ್ಬಿಣ ಬಿ 12 ಗಟ್ಟಿಯಾಗಿರುವುದು ಲಿವರಿನಂಥ ಅಂಗಗಳಲ್ಲೇ.

ಈ ಲೆಕ್ಕ ಯಾಕೆ ಬೇಕು ಅಂದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು. ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಸಾಲದು. ಇಂಥ ನಾಡಿನಲ್ಲಿ 2022ರಲ್ಲಿ ಸರ್ಕಾರವೇ ನೇಮಿಸಿದ ಒಂದು ಸಮಿತಿ, ಶಾಲೆಯ ಮಕ್ಕಳಿಗೆ ಮೊಟ್ಟೆ ಮಾಂಸ ಕೊಟ್ಟರೆ ಜೀವನಶೈಲಿಯ ಕಾಯಿಲೆ ಬರುತ್ತದೆ ಎಂದು ಬರೆಯಿತು. ಹೊಟ್ಟೆ ತುಂಬಿದವರ ಕಾಯಿಲೆಗೆ ಹೊಟ್ಟೆ ಹಸಿದವರಿಗೆ ಪಥ್ಯ!

7

ಹಾಗಾದರೆ ಬೀಫಿನಲ್ಲಿ ಅಪಾಯವೇ ಇಲ್ಲವೆ? ಇದೆ. ಅದನ್ನೂ ನಾವೇ ಹೇಳಬೇಕು, ಇಲ್ಲದಿದ್ದರೆ ನಮ್ಮದೂ ಇನ್ನೊಂದು ಪುರೋಹಿತಶಾಹಿಯಾಗುತ್ತದೆ. ಅರೆಬೆಂದ ದನದ ಮಾಂಸದಿಂದ ಲಾಡಿಹುಳು ಹೊಟ್ಟೆ ಸೇರುತ್ತದೆ. ಒಳಗಿನ ತನಕ ಚೆನ್ನಾಗಿ ಬೆಂದರೆ ಹುಳು ಸಾಯುತ್ತದೆ. ಗಂಟೆಗಟ್ಟಲೆ ಕುದಿಸುವ ನಮ್ಮ ಅಡುಗೆ ಈ ವಿಷಯದಲ್ಲಿ ಬುದ್ಧಿವಂತ ಅಡುಗೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜು, ಬೇಕನ್ನಿನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕ ಎಂದೂ, ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದೂ ವರ್ಗೀಕರಿಸಿತು. ಕೆಂಪು ಮಾಂಸ ಅಂದರೆ ದನದ್ದು ಮಾತ್ರವಲ್ಲ. ಕುರಿ, ಮೇಕೆ, ಹಂದಿ ಎಲ್ಲವೂ ಸೇರಿತು. ಮದುವೆ ಮನೆಯ ಮಟನ್ ಬಿರಿಯಾನಿಗೆ ಈ ವರದಿಯನ್ನು ಯಾರೂ ಓದಿ ಹೇಳುವುದಿಲ್ಲ, ಅದು ಬೇರೆ ಮಾತು. ವಾರಕ್ಕೆ ಬೆಂದ ಮಾಂಸ 350ರಿಂದ 500 ಗ್ರಾಂ ದಾಟದಿರಲಿ ಎಂಬುದು ಕ್ಯಾನ್ಸರ್ ತಜ್ಞರ ಸಲಹೆ. ವಾರಕ್ಕೊಮ್ಮೆ ಅರ್ಧ ಕಿಲೋ ತಂದು ಐದು ಜನ ಉಣ್ಣುವ ಮನೆ ಆ ಗೆರೆಯಿಂದ ಎಷ್ಟೋ ಈಚೆಗಿದೆ. ಕುಳಿತು ದುಡಿಯುವ, ದಿನವೂ ತಿನ್ನಬಲ್ಲ, ಬಿಪಿ ಸಕ್ಕರೆ ಇರುವ ನಮ್ಮದೇ ನೌಕರ ವರ್ಗ ಮಾತ್ರ ಈ ಮಾತನ್ನು ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು.

ಹುಚ್ಚು ಹಸು ರೋಗ ಬ್ರಿಟನ್ನಿನಲ್ಲಿ 1986ರಲ್ಲಿ ಗೊತ್ತಾಯಿತು, ಮನುಷ್ಯರಿಗೂ ಅದರ ನಂಟಿದೆ ಎಂದು 1996ರಲ್ಲಿ ಅಲ್ಲಿನ ಸರ್ಕಾರ ಒಪ್ಪಿತು. ಕಾರಣ ಮಾಂಸ ತಿನ್ನುವ ಜನರಲ್ಲ. ಹುಲ್ಲು ತಿನ್ನುವ ಹಸುವಿಗೆ ಸತ್ತ ದನದ ಮಾಂಸ ಮೂಳೆಯ ಪುಡಿ ತಿನ್ನಿಸಿದ ಲಾಭಕೋರತನ.

ನಮ್ಮಲ್ಲಿ ಅಪಾಯ ಬರುವುದು ಬೇರೆ ದಾರಿಯಿಂದ. ಕಡಿಯುವ ಮೊದಲು ದನವನ್ನೂ ಕಡಿದ ಮೇಲೆ ಮಾಂಸವನ್ನೂ ಪಶುವೈದ್ಯ ನೋಡಬೇಕು. ನೀರು ಬೇಕು, ಚರಂಡಿ ಬೇಕು. ಇದು ಬೆಳಕಿನಲ್ಲಿ ಆಗುವ ಕೆಲಸ. 1958ರಲ್ಲಿ ಸುಪ್ರೀಂ ಕೋರ್ಟು ಹನೀಫ್ ಖುರೇಷಿ ಮೊಕದ್ದಮೆಯಲ್ಲಿ, ದನ ಎಮ್ಮೆಯ ಮಾಂಸ ಬಡವರ ಊಟ ಎಂಬುದನ್ನು ಗಮನಿಸಿ, ಕೆಲಸಕ್ಕೆ ಬಾರದ ಎತ್ತು ಎಮ್ಮೆಗಳ ವಧೆಯನ್ನು ಪೂರಾ ನಿಷೇಧಿಸುವುದು ಸರಿಯಲ್ಲ ಎಂದಿತ್ತು. 1964ರ ರಾಜ್ಯದ ಕಾಯ್ದೆ 12 ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗೆ ಅವಕಾಶ ಉಳಿಸಿತ್ತು. 2005ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹಳೆಯ ನಿಲುವು ಬದಲಿಸಿತು. ಸಗಣಿಯ ಬೆಲೆಯನ್ನು ಕೊಹಿನೂರ್ ವಜ್ರಕ್ಕಿಂತ ಮೇಲೆ ಇಟ್ಟಿತು. 2020ರ ಕರ್ನಾಟಕದ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲದರ ಬಾಗಿಲು ಮುಚ್ಚಿ, ಮೂರರಿಂದ ಏಳು ವರ್ಷದ ಜೈಲು ಇಟ್ಟಿತು. ಬಾಗಿಲು ಮುಚ್ಚಿದರೆ ತಿನ್ನುವುದು ನಿಲ್ಲುತ್ತದೆಯೆ? 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ಸುಮಾರು 8 ಕೋಟಿ ಜನ ದನದ ಇಲ್ಲವೆ ಎಮ್ಮೆಯ ಮಾಂಸ ತಿನ್ನುವವರು, ಅವರಲ್ಲಿ ಒಂದು ಕೋಟಿಗೂ ಮೀರಿ ಹಿಂದೂಗಳೇ. ಕದ್ದು ಕಡಿದದ್ದನ್ನು ಯಾವ ವೈದ್ಯನೂ ನೋಡುವುದಿಲ್ಲ. ಅಪಾಯವಿಲ್ಲದ ಊಟವನ್ನು ಕಾನೂನೇ ಅಪಾಯದ ಊಟ ಮಾಡಿದ ಹಾಗಾಯಿತು.

ಇನ್ನೊಂದು ಅಪಾಯವಿದೆ, ಅದು ಯಾವ ಪೋಷಕಾಂಶದ ಪಟ್ಟಿಯಲ್ಲೂ ಬರುವುದಿಲ್ಲ. 2002ರ ಅಕ್ಟೋಬರಿನಲ್ಲಿ ಹರಿಯಾಣದ ಝಜ್ಜರ್ ಹತ್ತಿರ ದುಲೀನಾದಲ್ಲಿ ಐವರು ದಲಿತರನ್ನು ಹಸು ಕೊಂದರೆಂಬ ಗುಮಾನಿಯ ಮೇಲೆ, ಪೊಲೀಸ್ ಚೌಕಿಯ ಮುಂದೆಯೇ ಜನರ ಗುಂಪು ಹೊಡೆದು ಸಾಯಿಸಿತು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದವರನ್ನು ಕಾರಿಗೆ ಕಟ್ಟಿ ಹೊಡೆದರು. ಸಾವಿರ ವರ್ಷ ಹೊರಿ ಎಂದವರೇ ಹೊತ್ತದ್ದಕ್ಕೆ ಬಡಿದರು. ಅದಾದ ಮೇಲೆ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಸುರಿದರು. 1927ರಲ್ಲಿ ಬಾಬಾಸಾಹೇಬರು ಆಡಿದ ಮಾತು ಸುಮಾರು 90 ವರ್ಷದ ಮೇಲೆ ಬೀದಿಗೆ ಬಂತು: ನಿಮ್ಮ ತಾಯಿ, ನೀವೇ ಹೊರಿ.

8

ಬೀಫ್ ತಿನ್ನುವುದೇ ಕ್ರಾಂತಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ನಮ್ಮಲ್ಲೇ ತಿನ್ನದವರಿದ್ದಾರೆ, ಬೌದ್ಧರಾಗಿ ಬಿಟ್ಟವರಿದ್ದಾರೆ, ರುಚಿಗೆ ಒಗ್ಗದವರಿದ್ದಾರೆ. ತಿನ್ನದವರ ಬಾಯಿಗೆ ತುರುಕುವುದೂ ತಿನ್ನುವವರ ಬಾಯಿಂದ ಕಸಿಯುವುದೂ ಒಂದೇ ಯಜಮಾನಿಕೆ. ಹಸುವನ್ನು ದೇವರು ಮಾಡಿದವರ ಎದುರು ನಾವು ಬಾಡನ್ನು ದೇವರು ಮಾಡಬೇಕಾಗಿಲ್ಲ.

ಮಾಡಬೇಕಾದ ಕೆಲಸ ಬೇರೆ ಇದೆ. ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಮಹಾರ, ಮಾಂಗರ ಅಡುಗೆಯನ್ನು ಪುಸ್ತಕಕ್ಕಿಳಿಸಿದರು. ಅದಕ್ಕೂ ಮೊದಲು ಪುಣೆಯಲ್ಲಿ ಶರ್ಮಿಳಾ ರೇಗೆ ತಮ್ಮ ವಿದ್ಯಾರ್ಥಿಗಳ ಜೊತೆ ಈ ಕೆಲಸ ಶುರು ಮಾಡಿದ್ದರು. ಕನ್ನಡದ ಹೊಲೆ-ಮಾದಿಗ ಕೇರಿಗಳ ಅಡುಗೆಯ ಚರಿತ್ರೆಯನ್ನೂ ನಮ್ಮ ಹುಡುಗ ಹುಡುಗಿಯರು ಬರೆಯಬೇಕು. ಯಾವ ಭಾಗಕ್ಕೆ ಏನೆಂದು ಹೆಸರು, ಬಾಣಂತಿಗೆ ಯಾವುದನ್ನು ಬೇಯಿಸಿ ಕೊಡುತ್ತಿದ್ದರು, ಯಾವ ದನದ ಬಾಡನ್ನು ಮುಟ್ಟುತ್ತಿರಲಿಲ್ಲ, ಉಪ್ಪುಕಂಡ ಎಷ್ಟು ದಿನ ಒಣಗಬೇಕು, ಇವನ್ನು ಬಲ್ಲ ಮುದುಕಿಯರು ಇನ್ನೂ ಇದ್ದಾರೆ. ಅವರು ಹೋದರೆ ಆ ವಿದ್ಯೆ ಹೋಯಿತು. ಹಾಸ್ಟೆಲಿನ ಊಟದ ಪಟ್ಟಿ ಬರುವ ಸಭೆಯಲ್ಲಿ ಮೊಟ್ಟೆ, ಮಾಂಸ ಎಷ್ಟು ದಿನ, ಎಷ್ಟು ಗ್ರಾಂ ಎಂದು ಎದ್ದು ಕೇಳಬೇಕು. ಊರಿನ ಮಾಂಸದ ಮಾರುಕಟ್ಟೆಗೆ ನೀರಿದೆಯೇ, ಪಶುವೈದ್ಯ ಬರುತ್ತಾನೆಯೇ ಎಂದು ಪುರಸಭೆಗೆ ಅರ್ಜಿ ಹಾಕಬೇಕು. ನೆರಡಿ ಬಂದ ಊರಿನಲ್ಲಿ ಸತ್ತ ದನ ಹೂಳುವವರು ಯಾರು, ಅವರ ಕೈಗೆ ಗ್ಲೌಸು ಕೊಟ್ಟವರು ಯಾರು ಎಂದು ಪಂಚಾಯ್ತಿಯನ್ನು ಕೇಳಬೇಕು.

ಇನ್ನು ಮುಂದೆ ಯಾರಾದರೂ ಬೀಫು ಆರೋಗ್ಯಕ್ಕೆ ಒಳ್ಳೆಯದಲ್ಲ ಅಂದರೆ ಜಗಳಕ್ಕೆ ನಿಲ್ಲುವುದು ಬೇಡ. ಯಾರ ಆರೋಗ್ಯಕ್ಕೆ, ಎಷ್ಟು ತಿಂದರೆ, ಹೇಗೆ ಬೇಯಿಸಿದರೆ ಎಂದು ಕೇಳಿ. ಆಮೇಲೆ, ನಮ್ಮ ಮಕ್ಕಳ ರಕ್ತದಲ್ಲಿ ಕಬ್ಬಿಣ ಎಷ್ಟಿದೆ ಎಂಬುದು ಅವರಿಗೆ ಗೊತ್ತೇ ಎಂದೂ ಕೇಳಿ.